ಗೆದ್ದಲು ಮಾಸ್ತರ

ಕೊಪ್ಪಳದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೌತಮನನ್ನು ಕಟ್ಟಿಕೊಂಡ ಮೇಲೆ ಸುರೇಖಾಳಿಗೆ ಗೆದ್ದಲಿನ ಸಂಸಾರ ತನ್ನ ಸಂಸಾರಕ್ಕಿಂತ ಚೆನ್ನಾಗಿ ಗೊತ್ತಾಗಿಬಿಟ್ಟಿದೆ. ಬೀಗರು ಮಳೆ ಬಂತೇ ಎಂದು ಕೇಳಿದರೆ ಸಾಕು, ಅವನು ಮಳೆಯಿಂದ ರೆಕ್ಕೆಯ ಗೆದ್ದಲಿಗೆ, ಅಲ್ಲಿಂದ ನೇರ ಅದರ ವೃಷಣಕ್ಕೆ ಹೋಗುತ್ತಾನೆ. ಜೋಳ ಬೀಸಿಸಿಕೊಂಡು ಬರಲು ಕಳಿಸಿದರೆ ಯಾರದೋ ಕೊಳೆತ ಬೇಲಿಗೂಟ ಹೊತ್ತು ಬರುತ್ತಾನೆ. ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕದಲ್ಲೇ ಸೈನಿಕ ಗೆದ್ದಲಿನ ಸೀಸೆ. "ಆಳು ಹುಳದಾಗ ಗಂಡೂ ಇರ್ತಾವ, ಆದ್ರ ವೀರ್ಯಾಣು ತಯಾರಾಗೂದು ನಡಕ ನಿಂತುಬಿಡ್ತೈತಿ. ಗೂಡಿನ ರಾಜಂದು ಮಾತ್ರ ವರ್ಷಾನುಗಟ್ಟಲೆ ನಡೀತೈತಿ," ಎಂದು ಅವನು ಶುರುಮಾಡಿದರೆ, "ನಿಮ್ಮ ರಾಜಗ ಹೇಳ್ರಿ, ಗ್ಯಾಸ್ ತೀರೈತಿ," ಎನ್ನುತ್ತಾಳೆ ಇವಳು. ರಾಜ ಗೂಡು ಬಿಟ್ಟು ಹೊರಗೇ ಬರುವುದಿಲ್ಲವೆಂದು ಅವನು ತಿದ್ದುತ್ತಾನೆ. ಇಷ್ಟು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಅತ್ತೆ ಹುಲಗೆಮ್ಮ ಸೊಸೆಗೆ ಮಂಗಳವಾರದ ಉಪವಾಸ ಹಚ್ಚಿದ್ದಾಳೆ. ಹಸಿದ ಹೊಟ್ಟೆಯಲ್ಲೇ ಹೋಗಿ ಹುತ್ತಕ್ಕೆ ಹಾಲೆರೆಯಬೇಕು. ಮೊನ್ನೆ ಮಂಗಳವಾರ ಊಟಕ್ಕೆ ಕುಳಿತ ನೆಂಟರ ಮುಂದೆ ಹುಲಗೆಮ್ಮ, "ನನ್ನ ಮಗಗ ಬಂಜಿನ್ನ ಕಟ್ಟಿದ್ವಿ ನೋಡ್ರಿ," ಎಂದಾಗ ಗೌತಮ ಬಾಯಿ ತೆರೆದ. ಮತ್ತೆ ಗೆದ್ದಲು ಬಂತಲ್ಲ ಎಂದು ಸುರೇಖಾ ಹಣೆ ಒತ್ತಿಕೊಂಡಳು. "ಯವ್ವಾ, ಆಕಿ ಉಪಾಸ ಬಿಡಸು," ಎಂದ ಅವನು, ಪಾಠ ಹೇಳುವ ದನಿಯಲ್ಲೇ. "ನಂದ ನಾನು ಮೈಕ್ರೋಸ್ಕೋಪಿನಾಗ ನೋಡೀನಿ, ದವಾಖಾನ್ಯಾಗೂ ತೋರ್ಸೀನಿ. ವೀರ್ಯಾಣು ಇಲ್ಲ. ಕೊರತಿ ನಂದು." ಸುರೇಖಾ ಅವನ ಪಕ್ಕದಲ್ಲಿ ಕುಳಿತು, ಅವನ ತಾಟಿನಿಂದಲೇ ಒಂದು ತುಣುಕು ರೊಟ್ಟಿ ಮುರಿದುಕೊಂಡಳು.