ಒಬ್ಬಟ್ಟು ಬರುವ ಮೊದಲೇ ಎದ್ದವರು

ತೊಂಬತ್ತರ ದಶಕದಲ್ಲಿ ನಾವು ಅಮೆರಿಕದ ರಾಲಿ ಎಂಬ ಊರಿನಲ್ಲಿದ್ದೆವು. ಗಂಡನ ವೀಸಾದ ಬಾಲ ಹಿಡಿದು ಬಂದ ನನಗೆ ಕೆಲಸ ಮಾಡಲು ಅನುಮತಿ ಇರಲಿಲ್ಲ, ಓದಲು ಇತ್ತು. ಶನಿವಾರ ಮಧ್ಯಾಹ್ನದ ಒಂದು ಸಾಹಿತ್ಯದ ಕ್ಲಾಸಿಗೆ ಸೇರಿದೆ. ಕಪ್ಪು ಜನರು ಮತ್ತು ಅಮೆರಿಕದ ಮೂಲನಿವಾಸಿಗಳು ಬರೆದ ಕಥೆಗಳನ್ನು ಅಲ್ಲಿ ಓದಿಸುತ್ತಿದ್ದರು. ಒಂದು ಕಥೆಯಲ್ಲಿ ಅಕ್ಕನನ್ನು ಕೊಂದವನ ಬೆನ್ನುಹತ್ತಿ ಹೊರಟ ತಂಗಿಗೆ ಅಣ್ಣಂದಿರೇ ಮನೆಯಲ್ಲಿ ಬಿದ್ದಿರು ಎನ್ನುತ್ತಾರೆ. ಗಂಡಸು ಸೇಡು ತೀರಿಸಿಕೊಂಡರೆ ವೀರ, ಹೆಂಗಸು ತೀರಿಸಿಕೊಂಡರೆ ರಾಕ್ಷಸಿ, ಹೀಗೇಕೆ ಎಂದು ಟೀಚರ್ ಕೇಳುತ್ತಿದ್ದರು. ಅತ್ತೆಮನೆ ಕಂಡ ಯಾವ ಹೆಣ್ಣಿಗೂ ಅದು ಹೊಸ ಪ್ರಶ್ನೆಯಲ್ಲ.

ಯುಗಾದಿ ಕಳೆದ ಮೇಲಿನ ಶನಿವಾರ, ಒಂದು ಕಥೆಯ ಬಗ್ಗೆ ಕ್ಲಾಸಿನಲ್ಲಿ ಮಾತಾಡುವ ಸರದಿ ನನ್ನದು ಮತ್ತು ನನ್ನ ಗೆಳತಿಯದು. ಅವಳ ತಂದೆ ಕಪ್ಪು ಜನಾಂಗದವರು, ತಾಯಿ ಮೂಲನಿವಾಸಿಗಳ ಕಡೆಯವರು. ಸರದಿ ತಪ್ಪಿದರೆ ಮತ್ತೆ ಸಿಗದು ಎಂದು ಟೀಚರ್ ಖಡಾಖಂಡಿತವಾಗಿ ಹೇಳಿದ್ದರು. ನಾನು ಅದಕ್ಕಾಗಿ ವಾರಗಟ್ಟಲೆ ಕನ್ನಡಿಯ ಮುಂದೆ ನಿಂತು ಇಂಗ್ಲಿಷ್ ಮಾತಾಡಿದ್ದೆ. ಅದೇ ದಿನ ಪಕ್ಕದ ಊರು ಏಪೆಕ್ಸ್‌ನಲ್ಲಿ ಒಬ್ಬರ ಮನೆಯಲ್ಲಿ ಕನ್ನಡದವರ ಹಬ್ಬದೂಟ. ನನಗೆ ಕಾರು ಓಡಿಸಲು ಬಾರದು, ಅಲ್ಲಿಗೇ ಬಂದು ಕರೆದುಕೊಂಡು ಹೋಗು ಎಂದು ಗೆಳತಿಗೆ ಹೇಳಿಟ್ಟಿದ್ದೆ.

ಮನೆ ಅಮೆರಿಕದ್ದಾದರೂ ಪಂಕ್ತಿ ನಮ್ಮದೇ. ಕಾರ್ಪೆಟ್ ಮೇಲೆ ಪ್ಲಾಸ್ಟಿಕ್ ಹಾಸಿ, ಪೇಪರ್ ಪ್ಲೇಟ್ ಇಟ್ಟು, ಮೊದಲು ಗಂಡಸರು, ಮಕ್ಕಳು. ಬೆಳಗಿನಿಂದ ಬೇಯಿಸಿದ ನಾವು ಆಮೇಲೆ, ಉಳಿದಿದ್ದರೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಪಂಕ್ತಿಯ ಮೊದಲಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ನಾವೆಲ್ಲ ಅಂಕಲ್ ಎನ್ನುತ್ತಿದ್ದೆವು. ನಾನು ಸಾರು ಬಡಿಸುವಾಗ ಏನು ಓದುತ್ತಿದ್ದೀಯ ಎಂದು ವಿಚಾರಿಸಿದರು. ಅವತ್ತಿನ ಕಥೆ ಹೇಳಿದೆ. ಗುಲಾಮಗಿರಿಯ ಕಾಲದ ಒಬ್ಬ ಅಡುಗೆಯವಳು, ಯಜಮಾನ ಅವಳ ಮಗಳನ್ನು ಮಾರಿಬಿಡುತ್ತಾನೆ, ಅವಳು ಅವನ ಊಟಕ್ಕೆ ವಿಷ ಬೆರೆಸುತ್ತಾಳೆ. ಅಂಕಲ್ ಅನ್ನ ಕಲಸುತ್ತಲೇ ತೀರ್ಪು ಕೊಟ್ಟರು.

"ಏನೇ ಆಗ್ಲಮ್ಮ, ಉಂಡ ಮನೆಗೆ ಎರಡು ಬಗೀಬಾರ್ದು."

ಪಕ್ಕದ ಸಾಲಿನಲ್ಲಿದ್ದ ನನ್ನ ಗಂಡ ಹೌದೆಂದು ತಲೆಯಾಡಿಸಿದ. ನನಗೆ ಪಿತ್ತ ನೆತ್ತಿಗೇರಿತು.

"ಅವಳೆಲ್ಲಿ ಉಂಡ್ಲು ಅಂಕಲ್? ಬೇಯಿಸಿ ಹಾಕಿದ್ದು ಅವಳು. ಉಂಡಿದ್ದು ಅವನು, ಎರಡು ಬಗೆದಿದ್ದೂ ಅವನೇ."

ಗಂಡ ಕಣ್ಣಲ್ಲೇ ಗದರಿದ. ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಗೆಳತಿ.

ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವ ಜನ ನಾವು. ಅವತ್ತು ಒಬ್ಬರ ಬಾಯಿಂದಲೂ ಬನ್ನಿ ಎಂಬ ಮಾತು ಹೊರಡಲಿಲ್ಲ. ಪಕ್ಕದ ಮನೆಯ ಬಿಳಿಯರು ಬೆಳಿಗ್ಗೆ ಬಂದಾಗ ಮನೆಯವರು ಅವರನ್ನು ಸೋಫಾದಲ್ಲಿ ಕೂರಿಸಿ, ಕೋಸಂಬರಿ ಕೊಟ್ಟು, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಇವಳನ್ನು ಕಂಡು ಮನೆಯೊಡತಿ ಅಡುಗೆಮನೆಗೆ ಸರಿದಳು.

"ಅವಳಿಗೆ ಕಾರಲ್ಲೇ ವೇಟ್ ಮಾಡೋಕೆ ಹೇಳು," ಎಂದ ನನ್ನ ಗಂಡ.

ಅಂಕಲ್ ಪಕ್ಕದ ಮಗು ಎದ್ದುಹೋಗಿ ಜಾಗ ಖಾಲಿಯಿತ್ತು. ಗೆಳತಿಯ ಕೈ ಹಿಡಿದು ತಂದು ಅಲ್ಲಿ ಕೂರಿಸಿ, ಹೊಸ ಪ್ಲೇಟ್ ಇಟ್ಟು ಬಡಿಸಿದೆ. ಅಂಕಲ್ ಎಂಜಲು ಕೈಯಲ್ಲೇ ಎದ್ದು ನಿಂತರು. ಪಂಕ್ತಿಯ ನಡುವೆ ಎದ್ದರೆ ಪಕ್ಕದವರ ಮುಖಕ್ಕೆ ಹೊಡೆದ ಹಾಗೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಅವರ ಊಟ ಮುಗಿಯಿತಾ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ, ನೀನು ಕೂತೆ ಅಂತ ಎದ್ದರು ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವಳು ಗಡಿಯಾರ ನೋಡಿದಳು. ಆ ಗಳಿಗೆಯಲ್ಲಿ ಹೊರಟರೆ ನಮ್ಮ ಸರದಿ ಉಳಿಯುತ್ತಿತ್ತು. ಆಮೇಲೆ ಅಂಕಲ್ ಕಡೆ ನೋಡಿ, ಕಾಲು ಮಡಚಿ ಸರಿಯಾಗಿ ಕೂತು, ಇನ್ನೇನು ಬರುವುದಿದೆ ಎಂದು ಕೇಳಿದಳು.

ಒಬ್ಬಟ್ಟಿನ ಡಬ್ಬಿಯನ್ನೇ ತಂದೆ. ಅಂಕಲ್‌ರ ಎಂಜಲು ಪ್ಲೇಟನ್ನು ಎತ್ತಿ ಗಂಡನ ಕೈಗೆ ಕೊಟ್ಟು, ಅವರ ಜಾಗದಲ್ಲಿ ನಾನೇ ಕೂತೆ. ಇಬ್ಬರೂ ತುಪ್ಪ ಸುರಿದುಕೊಂಡು ನಿಧಾನವಾಗಿ ತಿಂದೆವು. ಅವಳು ಇನ್ನೊಂದು ಹಾಕಿಸಿಕೊಂಡಳು. ಪಂಕ್ತಿಯಿಂದ ಎದ್ದವರು ಮತ್ತೆ ಕೂರುವಂತಿಲ್ಲ. ಅಂಕಲ್ ಕೈ ತೊಳೆಯುವುದನ್ನೂ ಮರೆತು ಗೋಡೆಯ ಹತ್ತಿರ ನಿಂತಿದ್ದರು.

ಕ್ಲಾಸಿಗೆ ಹೋದಾಗ ನಮ್ಮ ಸರದಿ ಬೇರೆಯವರ ಪಾಲಾಗಿತ್ತು. ನನಗೆ ಅಳು ಬಂತು. ಟೀಚರ್ ತಡವೇಕೆ ಎಂದು ಕೇಳಿದರು. ಊಟ ಮಾಡುತ್ತಿದ್ದೆವು ಎಂದಳು ಗೆಳತಿ.