ಗಣಪತಿಯ ಮೇಲಿನ ದಾಸವಾಳ

ಸ್ಯಾನಿಟೈಸರ್ ವಾಸನೆ ಬಂದರೆ ಕೆಲವರಿಗೆ ಆಸ್ಪತ್ರೆ ನೆನಪಾಗುತ್ತದಂತೆ. ನನಗೆ ದಾಸವಾಳ ನೆನಪಾಗುತ್ತದೆ. ನಗಬೇಡಿ, ದಾಸವಾಳಕ್ಕೆ ಅಂಥ ವಾಸನೆಯೇನೂ ಇಲ್ಲವೆಂದು ಸಸ್ಯಶಾಸ್ತ್ರ ಪಾಠ ಹೇಳುವ ನನಗೂ ಗೊತ್ತು. ಇವತ್ತು ಬೆಳಿಗ್ಗೆ ಬೀರು ಒರೆಸುವಾಗ ಹಳೆಯ ಬಾಟಲಿಯೊಂದು ಸಿಕ್ಕಿತು. ಮುಚ್ಚಳ ತೆಗೆದೆ ನೋಡಿ, ಚಾಮರಾಜಪೇಟೆಯ ನಮ್ಮ ಮನೆಯ ಗೇಟಿನಾಚೆ ನಿಂತಿದ್ದ ನನ್ನ ವಿದ್ಯಾರ್ಥಿನಿ ಪವಿತ್ರಾ ಕಣ್ಣಮುಂದೆ ಬಂದಳು.

ಕೊರೊನಾ ಕಾಲದ ಪರೀಕ್ಷೆಗಳು ನಿಮಗೂ ನೆನಪಿರಬೇಕು. ಪದವಿಯ ಕೊನೆಯ ವರ್ಷದವರ ಪ್ರಾಕ್ಟಿಕಲ್ ಪರೀಕ್ಷೆಯನ್ನೂ ವಿಡಿಯೊದಲ್ಲೇ ಮುಗಿಸಿ ಎಂದು ಆದೇಶ ಬಂದಿತ್ತು. ಮಕ್ಕಳು ಹೂವೊಂದನ್ನು ಬ್ಲೇಡಿನಿಂದ ಸೀಳಿ, ಅದರ ಭಾಗಗಳನ್ನು ಕ್ಯಾಮೆರಾಕ್ಕೆ ತೋರಿಸಿ ವಿವರಿಸಬೇಕು. ನೋಡುವುದಕ್ಕೆ ನಾನೊಬ್ಬಳು, ಬೇರೆ ಊರಿನ ಪರೀಕ್ಷಕರೊಬ್ಬರು. ಅವರ ಮುಖವನ್ನು ನಾನು ಪೂರ್ತಿ ನೋಡಲೇ ಇಲ್ಲ. ಹಣೆ, ಮೇಲೆ ತಿರುಗುವ ಫ್ಯಾನು, ಅಷ್ಟೇ. ನಾನೇನು ಕಮ್ಮಿಯೇ? ಮ್ಯೂಟ್ ತೆಗೆಯದೆ ಇಡೀ ಸ್ವಾಗತ ಭಾಷಣ ಮುಗಿಸಿದವಳು.

ಪವಿತ್ರಾಳ ಮನೆ ಬಳೇಪೇಟೆಯ ಸಂದಿಯಲ್ಲಿ, ಅಪ್ಪನ ಬಳೆ ಅಂಗಡಿಯ ಮೇಲೆ. ಅಲ್ಲಿಂದ ಅವಳ ಮುಖ ಪರದೆಗೆ ಬರುತ್ತಿತ್ತು, ಕಲ್ಲಾಗಿ ನಿಲ್ಲುತ್ತಿತ್ತು, ಮಾಯವಾಗುತ್ತಿತ್ತು.

"ಮಧ್ಯಾಹ್ನದೊಳಗೆ ಬರದಿದ್ರೆ ಗೈರುಹಾಜರಿ ಹಾಕ್ಬೇಕಾಗತ್ತೆ ಮೇಡಂ. ಇವತ್ತೇ ಕೊನೆ ದಿನ," ಎಂದರು ಪರೀಕ್ಷಕರು. ಹಾಕಿದರೆ ಹುಡುಗಿಯ ಒಂದು ವರ್ಷ ಹೋಯಿತು. ತಕ್ಷಣ ಅವಳಿಗೆ ಫೋನ್ ಮಾಡಿ, "ನಮ್ಮನೆ ಗೇಟ್ ಹತ್ರ ಬಂದ್ಬಿಡಮ್ಮ, ವೈಫೈ ಸಿಗತ್ತೆ," ಎಂದೆ.

ನಡೆದೇ ಬಂದಳು. ಬ್ಲೇಡು, ಪಿನ್ನು ತೆಗೆದು ಕಾಂಪೌಂಡ್ ಗೋಡೆಯ ಮೇಲಿಟ್ಟಳು. ಆಮೇಲೆ ದಾಸವಾಳ ತೆಗೆದಳು. ಬೇಯಿಸಿದ ಸೊಪ್ಪಿನ ಹಾಗೆ ಮುದ್ದೆಯಾಗಿತ್ತು.

"ಏನಮ್ಮಾ ಇದು?"

"ನಿಮ್ಮನೇಲಿ ಅಜ್ಜಿ ಇದಾರಲ್ವಾ ಮೇಡಂ... ಅವ್ರಿಗೇನೂ ಆಗ್ದಿರ್ಲಿ ಅಂತ ಹೂವಿಗೂ ಸ್ಯಾನಿಟೈಸರ್ ಹೊಡ್ದೆ. ಸ್ವಲ್ಪ ಜಾಸ್ತಿ ಆಯ್ತು." ಮಾಸ್ಕಿನ ಮೇಲೆ ಅವಳ ಕಣ್ಣು ತುಂಬಿಕೊಂಡಿತ್ತು.

ಬೈಯುವುದು ಹೇಗೆ, ಹೇಳಿ? ಅವಳು ಅಜ್ಜಿ ಎಂದದ್ದು ನನ್ನ ಅಮ್ಮನನ್ನು. ಆ ಅಮ್ಮನೇ ಬೆಳಿಗ್ಗೆ ಪೂಜೆಗೆಂದು ನಮ್ಮ ಗಿಡದ ಹೂವನ್ನೆಲ್ಲ ಕಿತ್ತುಬಿಟ್ಟಿದ್ದಳು. ದೇವರಿಗೆ ಏರಿಸಿದ ಹೂವು ಕಾಲಿಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಹೆಂಗಸು. ಅದಕ್ಕೆ ಬ್ಲೇಡು ಹಾಕುತ್ತೇವೆ ಅನ್ನುವ ಧೈರ್ಯ ನನಗಂತೂ ಇರಲಿಲ್ಲ. ಆದರೆ ಕಿಟಕಿಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, ಗಣಪತಿಯ ಪಟದ ಮೇಲಿದ್ದ ಕೆಂಪು ದಾಸವಾಳವನ್ನು ಗೋಡೆಯ ಮೇಲಿಟ್ಟೇಬಿಟ್ಟಳು.

"ತೊಗೋ. ಗಣಪತಿಗೇನು, ನಾಳೆ ಬೇರೆ ಅರಳತ್ತೆ. ಈ ಮಗೂಗೆ ಇವತ್ತೇ ತಾನೆ ಪರೀಕ್ಷೆ?"

ಗೇಟಿನೊಳಗಿಂದ ನನ್ನ ಫೋನನ್ನೇ ಹಿಡಿದೆ. ಮೊದಲು ಪರೀಕ್ಷಕರಿಗೆ ನನ್ನ ಮೂಗನ್ನೇ ತೋರಿಸಿ, ಆಮೇಲೆ ತಿರುಗಿಸಿದೆ.

"ಎಸಳಿನ ಮೇಲೆ ಅದೇನು ಮಚ್ಚೆ ಮೇಡಂ? ರೋಗವಾ?"

"ಅಲ್ಲ ಸಾರ್, ಗಂಧ. ದೇವರ ಮೇಲಿಂದ ಈಗ್ತಾನೆ ತೆಗೆದ ಹೂವು."

ಹಣೆ ಪರದೆಯ ಹತ್ತಿರಕ್ಕೆ ಬಾಗಿತು. ಆಮೇಲೆ, "ಸರಿ, ಶುರು ಮಾಡಮ್ಮ," ಎಂದರು. ಆ ಮಹಾನುಭಾವರಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಪವಿತ್ರಾ ಹೂವನ್ನು ಕಣ್ಣಿಗೊತ್ತಿಕೊಂಡು ಬ್ಲೇಡು ಹಿಡಿದಳು. ಎಸಳು ಬಿಡಿಸಿದಳು, ಒಂದೇ ಕೊಳವೆಯಾಗಿ ಕೂಡಿಕೊಂಡ ಕೇಸರಗಳನ್ನು ತೋರಿಸಿದಳು, ಅಂಡಾಶಯವನ್ನು ಅಡ್ಡಲಾಗಿ ಸೀಳಿ, "ಒಳಗೆ ಐದು ಕೋಣೆ ಇದೆ ಸಾರ್," ಎಂದಳು.

"ನಮ್ಮನೇಗಿಂತ ಜಾಸ್ತಿ," ಎಂದಳು ಹಿಂದಿನಿಂದ ಅಮ್ಮ. ಪರೀಕ್ಷಕರು ಗೊಳ್ಳೆಂದು ನಕ್ಕರು. ಪವಿತ್ರಾ ಪಾಸಾದಳು.

ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ಹೆಣ್ಣುಮಗು ಬಾಗಿಲಿಗೆ ಬಂದು ಹೂವು, ಕುಂಕುಮ ಇಲ್ದೆ ಹಾಗೇ ಹೋಯ್ತಲ್ಲೇ. ಒಳಗೆ ಬಾ ಅನ್ನೋಕೂ ಆಗ್ಲಿಲ್ಲ," ಎಂದು ವರ್ಷಗಟ್ಟಲೆ ಗೊಣಗಿದಳು.

ಬಾಟಲಿಯ ನೆಪದಲ್ಲಿ ಇವತ್ತು ಪವಿತ್ರಾಗೆ ಫೋನ್ ಮಾಡಿದೆ. ಈಗ ಅವಳೂ ಮೇಡಂ, ಹೈಸ್ಕೂಲಿನಲ್ಲಿ. ಸಂಜೆ ಬಂದವಳು ಆವತ್ತಿನ ಜಾಗದಲ್ಲೇ, ಗೇಟಿನಾಚೆ ನಿಂತು ನಕ್ಕಳು. "ಅಯ್ಯೋ, ಒಳಗೆ ಬಾರೇ!" ಎಂದು ಅಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಕಾಫಿ ಆಯಿತು, ಕೋಡುಬಳೆ ಆಯಿತು. ಹೊರಡುವಾಗ ಅಮ್ಮ ಕುಂಕುಮ ಕೊಟ್ಟು, ಗಣಪತಿಯ ಮೇಲಿಂದ ಸಂಜೆಗೆ ಮುದುಡಿದ್ದ ದಾಸವಾಳವನ್ನು ತೆಗೆದು ಅವಳ ಕೈಯಲ್ಲಿಟ್ಟಳು.

"ಇದನ್ನ ಹೆಚ್ಚಬೇಡ ಕಣಮ್ಮಾ," ಎಂದಳು. "ಮುಡ್ಕೋ."