ಜೀಪಿನ ತಿರುಚುದಡೆ

೨೦೨೨ನೆಯ ಇಸವಿ. ನನಗೆ ಐವತ್ತೆರಡು ನಡೆಯುತ್ತಿತ್ತು. ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುವ ಕೆಲಸವನ್ನು ಬಿಟ್ಟು, ಶಂಕರನಾರಾಯಣ ಎಂಬ ಊರಿನಿಂದ ಒಳಗೆ, ಗುಡ್ಡದ ಮೇಲಿರುವ ಹೆಂಡತಿಯ ಜಾಗದಲ್ಲಿ ವಾಸವಾಗಿದ್ದೆ. ಅವಳು ಗುಡ್ಡದ ಮನೆಗಳ ಹಾಲನ್ನೆಲ್ಲ ಒಟ್ಟುಮಾಡಿ ನಮ್ಮ ಹಳೆಯ ಜೀಪಿನಲ್ಲಿ ಕೆಳಗಿನ ಡೈರಿಗೆ ಒಯ್ಯುತ್ತಿದ್ದಳು. ಬರುವಾಗ ಆ ಮನೆಗಳ ದನಗಳಿಗೆ ಹಿಂಡಿಯ ಚೀಲಗಳನ್ನು ಹೇರಿಕೊಂಡು ಬರುತ್ತಿದ್ದಳು. ಜೀಪು ಓಡಿಸುವುದು ಅವಳ ಕೆಲಸ, ರಿಪೇರಿ ನನ್ನದು.

ಆ ಮಳೆಗಾಲ ಮುಗಿಯುವುದರೊಳಗೆ ಗುಡ್ಡದ ಏರಿನಲ್ಲಿ ಹಿಂದಿನ ಚಕ್ರ ಕುಪ್ಪಳಿಸಿ, ಇಂಜಿನಿನ ಬಲವನ್ನು ಅದಕ್ಕೆ ಒಯ್ಯುವ ಶಾಫ್ಟಿನ ಕೀಲು, ಅಂದರೆ ಕ್ರಾಸ್, ಎರಡು ಬಾರಿ ತುಂಡಾಯಿತು. ಎರಡನೆಯ ಸಲ ಅವಳು ನಡೆದೇ ಮನೆಗೆ ಬಂದಳು.

"ಹ್ವಾಯ್, ಕೇಣಿ. ಇನ್ನೊಂದ್ ಸಲ ತುಂಡಾರೆ ಗುಜ್ರಿಯವ್ರಿಗೆ ಕೊಡ್ತೆ. ಜೀಪೂ ಬ್ಯಾಡ, ಹಾಲಿನ ಕೆಲ್ಸವೂ ಬ್ಯಾಡ."

ಅವಳು ಬೆದರಿಕೆ ಹಾಕುವವಳಲ್ಲ. ಗುಜರಿಯವನಿಗೆ ಫೋನು ಮಾಡಿ, ಮುಂದೆ ಯಾವಾಗಲಾದರೂ ಈ ಕಡೆ ಬಂದರೆ ನೋಡಿಕೊಂಡು ಹೋಗು ಎಂದು ಹೇಳಿಯೂ ಆಗಿತ್ತು.

ಮೊದಲ ಸಲಹೆ ಬಂದದ್ದು ಬ್ರಹ್ಮಾವರದಲ್ಲಿರುವ ಅವಳ ಅಣ್ಣನಿಂದ. ಆತನಲ್ಲೂ ಒಂದು ಜೀಪಿದೆ. ಆಳವಾದ ಹೊಳೆ ದಾಟುವಾಗ ಇಂಜಿನಿಗೆ ಗಾಳಿ ಸಿಗಲೆಂದು ಅದಕ್ಕೆ ಆನೆಯ ಸೊಂಡಿಲಿನಂಥ ಕೊಳವೆಯನ್ನು ಹಾಕಿಸಿದ್ದಾನೆ. ಆ ಜೀಪು ಕಂಡ ನೀರೆಂದರೆ ಸರ್ವಿಸ್ ಸ್ಟೇಷನ್ನಿನ ಪೈಪಿನದು ಮಾತ್ರ.

"ಎಂತ ಇಲ್ಲ ಭಾವ, ಪ್ಲೇಟ್ ಕಡ್ಮೆ ಆಯ್ತ್. ಕಮಾನಿಗೆ ಇನ್ನೆರಡ್ ಪ್ಲೇಟ್ ಹಾಕ್ಸಿ. ಗಟ್ಟಿ ಆತ್ತ್," ಎಂದ.

ಗಟ್ಟಿ. ನಮ್ಮ ಕಡೆಯ ಗಂಡಸರಿಗೆ ಇರುವುದು ಇದೊಂದೇ ವಿಶೇಷಣ. ನನ್ನ ಹೆಂಡತಿ ಅಣ್ಣನ ಮಾತನ್ನು ನಂಬಿ, ಚಕ್ರಗಳ ಮೇಲೆ ಜೀಪಿನ ಭಾರ ಹೊರುವ ಕಮಾನಿನ ಪಟ್ಟಿಗಳಿಗೆ ಇನ್ನೆರಡು ಪ್ಲೇಟು ಸೇರಿಸಿದಳು. ಹಾಲಿನ ಕ್ಯಾನುಗಳ ಮುಚ್ಚಳ ಹಾರಿದವು, ಅವಳ ಸೊಂಟ ಹಿಡಿಯಿತು, ಏರಿನಲ್ಲಿ ಹಿಂದಿನ ಚಕ್ರ ಕುಪ್ಪಳಿಸುವುದು ನಿಲ್ಲಲಿಲ್ಲ. ಆ ಪ್ಲೇಟುಗಳನ್ನು ನಾನೇ ಬಿಚ್ಚಿಸಿದೆ.

ನಿಜವಾದ ಕಾರಣವನ್ನು ತಿಳಿಯಲು ಬೇಕಾದದ್ದು ಕಣ್ಣು. ನಾನು ಏರಿನ ಬದಿಯಲ್ಲಿ ಕುಳಿತು ನೋಡಿದೆ. ಭಾರ ಹೇರಿದ ಜೀಪು ಕಲ್ಲಿನ ಮೇಲೆ ಹೊರಡುವಾಗ ಇಂಜಿನಿನ ಬಲ ಚಕ್ರವನ್ನು ತಿರುಗಿಸುವುದರ ಜೊತೆಗೆ ಹಿಂದಿನ ಚಕ್ರಗಳ ನಡುವೆ ಅಚ್ಚನ್ನು ಒಳಗಿಟ್ಟುಕೊಂಡಿರುವ ಕಬ್ಬಿಣದ ಹೌಸಿಂಗನ್ನೂ ತಿರುಚುತ್ತದೆ. ಅದಕ್ಕೆ ಬಿಗಿದ ಕಮಾನು ಹಾವಿನಂತೆ ಬಳುಕಿ, ತಡೆಯಲಾರದೆ ಹಿಂದಕ್ಕೆ ಚಿಮ್ಮುತ್ತದೆ. ಆ ಹೊಡೆತಕ್ಕೆ ಕ್ರಾಸ್ ಮುರಿಯುತ್ತದೆ. ಆದ್ದರಿಂದ ಬೇಕಾದದ್ದು ಒಂದು ತೋಳು. ಅದರ ಹಿಂತುದಿ ಕವಲೊಡೆದು ಹೌಸಿಂಗಿನ ಮೇಲೂ ಕೆಳಗೂ ಭದ್ರವಾಗಿ ಕೂರಬೇಕು. ಮುಂತುದಿ ಗೇರ್‌ಬಾಕ್ಸಿನ ಹತ್ತಿರ, ಚಾಸಿಯ ಅಡ್ಡಪಟ್ಟಿಯಿಂದ ನೇತಾಡುವ ಕೊಂಡಿಯೊಂದರಲ್ಲಿ ತೂಗಬೇಕು. ಚಕ್ರ ಏರಿಳಿಯುವಾಗ ತೋಳು ಹಿಂದೆಮುಂದೆ ಸರಿಯಲೇಬೇಕು. ತಿರುಚುವಿಕೆಯನ್ನು ತಡೆಯಬೇಕು, ಏರಿಳಿತವನ್ನು ತಡೆಯಬಾರದು. ತೋಳಿಗೆ 'ತಿರುಚುದಡೆ' ಎಂದೂ ಕೊಂಡಿಗೆ 'ತೂಗುಗೊಂಡಿ' ಎಂದೂ ಹೆಸರಿಟ್ಟೆ. ತಕಾರಕ್ಕೆ ದಕಾರ, ಕಕಾರಕ್ಕೆ ಗಕಾರ: ಎರಡೂ ಆದೇಶ ಸಂಧಿ.

ನಾವುಂದದಲ್ಲಿ ಹೆದ್ದಾರಿಯ ಬದಿಗೆ ಮೀನು ಲಾರಿಗಳ ಕಮಾನು ಕಟ್ಟುವ ಗ್ಯಾರೇಜೊಂದಿದೆ. ಜೀಪನ್ನು ಅಲ್ಲಿ ಬಿಟ್ಟು, ಮೇಸ್ತ್ರಿಗೆ ತೋಳಿನ ಅಳತೆಗಳನ್ನೆಲ್ಲ ತೋರಿಸಿ ಬಂದೆ. ಮುಂತುದಿಯ ಮಾತು ಉಳಿದಿತ್ತು. ಅದನ್ನು ಮರುದಿನ ಫೋನಿನಲ್ಲಿ ಬಿಡಿಬಿಡಿಯಾಗಿ ಉಚ್ಚರಿಸಿ ಹೇಳಿದೆ: "ಮುಂದಿನ ತುದಿಗೆ ತೂಗುಗೊಂಡಿ." ಆ ಕಡೆ ಗ್ರೈಂಡರ್ ಕಿರುಚುತ್ತಿತ್ತು.

"ಆತ್ತ್ ಮಾಷ್ಟ್ರೆ, ಮಾಡಿಡ್ತೆ," ಎಂದ.

ಜೀಪು ಬಂತು. ಮರುದಿನ ಬೆಳಿಗ್ಗೆ ಹಿಂಡಿ ಹೇರಿಕೊಂಡು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೆಂಡತಿ ಏರು ಹತ್ತಿದಳು. ಒಂದು ಚಕ್ರ ಕಲ್ಲಿನ ಮೇಲೆ ಎದ್ದಿತು, ಅಡಿಯಲ್ಲಿ ಏನೋ ಕರಕರ ಎಂದಿತು, ಜೀಪು ನಿಂತಿತು. ನಾನು ಅಡಿಗೆ ತೂರಿ ನೋಡಿದೆ. ಕೊಂಡಿಯೇ ಇರಲಿಲ್ಲ. ಅಡ್ಡಪಟ್ಟಿಗೆ ದೊಡ್ಡದೊಂದು ತೂತು ಕೊರೆದು, ತೋಳಿನ ತುದಿಯನ್ನು ಹೆಬ್ಬೆರಳು ಗಾತ್ರದ ಬೋಲ್ಟಿನಿಂದ ನೇರವಾಗಿ ಬಿಗಿದಿದ್ದ. ಸರಿಯಲು ಜಾಗವಿಲ್ಲದ ತೋಳು ಅಡ್ಡಪಟ್ಟಿಯನ್ನೇ ಬಗ್ಗಿಸಿತ್ತು.

"ಶಾಫ್ಟ್ ತುಂಡಾಯ್ತಾ?" ಎಂದು ಅವಳು ಮೇಲಿನಿಂದ ಕೇಳಿದಳು.

"ಇಲ್ಲ."

"ಹಂಗಾರೆ ಇದ್ ಲೆಕ್ಕಕ್ಕಿಲ್ಲ. ಇನ್ನೊಂದ್ ಸಲ ಕಾಂಬ. ಆದ್ರೆ ಗುಜ್ರಿಯವ್ರ್ ಭಾನುವಾರ ಬತ್ರ್."

ನಾವಿಬ್ಬರೂ ಜೀಪಿನಲ್ಲೇ ನಿಧಾನವಾಗಿ ನಾವುಂದಕ್ಕೆ ಹೋದೆವು. ಮೇಸ್ತ್ರಿಗೆ ಲವಲೇಶವೂ ನಾಚಿಕೆಯಿರಲಿಲ್ಲ.

"ನೀವೇ ಹೇಳಿದ್ದಲೆ ಮಾಷ್ಟ್ರೆ, ತೂತುಗುಂಡಿ ಅಂದೇಳಿ. ತೂತ್ ಅಂದ್ರೂ ಗುಂಡಿ ಅಂದ್ರೂ ಒಂದೇ ಅಲ್ದಾ? ಮಾಷ್ಟ್ರ್ ಎರಡೆರಡ್ ಸಲ ಹೇಳ್ತಿದ್ರ್, ದೊಡ್ಡದೇ ಬೇಕಾತ್ತ್ ಅಂದೇಳಿ ದೊಡ್ಡ ತೂತೇ ಮಾಡ್ದೆ."

"ನಾನು ಹೇಳಿದ್ದು ತೂಗುಗೊಂಡಿ. ತೋಳು ತೂಗುವ ಕೊಂಡಿ."

"ಓ, ಶೇಕಲ್ಲಾ? ಶೇಕಲ್ ಇಲ್ಲಿ ರಾಶಿ ಬಿದ್ಕಂಡಿತ್ತಲೆ."

ಹೆಂಡತಿ ನನ್ನ ಕಡೆ ತಿರುಗಿದಳು. "ಶೇಕಲ್ ಅಂದ್ರೆ ನಿಮ್ಮ ಬಾಯಿ ಸುಟ್ಟ್ ಹೋತಿತ್ತಾ?"

ಕಬ್ಬಿಣವನ್ನು ಇಷ್ಟು ಚೆನ್ನಾಗಿ ಬೆಸೆಯಬಲ್ಲವನಿಗೆ ಎರಡು ಪದಗಳ ಬೆಸುಗೆ ಕಿವಿಗೆ ಬೀಳದಿದ್ದರೆ, ಅದಕ್ಕೆ ಭಾಷೆ ಹೊಣೆಯಲ್ಲ. ತೂತು ಎಂದಮೇಲೆ ಗುಂಡಿ ಏಕೆ ಎಂದು ಒಮ್ಮೆ ಯೋಚಿಸಿದ್ದರೂ ಸಾಕಿತ್ತು. ಅರ್ಥವಾಗದ ಮಾತಿಗೆ ತಾವೇ ಒಂದು ಅರ್ಥ ಹಚ್ಚಿ ಬೋಲ್ಟು ಬಿಗಿಯುವ ಈ ಜನರಿಗೆ, ಇನ್ನೊಮ್ಮೆ ಕೇಳುವುದೇ ಅವಮಾನ.

ಈ ಸಲ ನಾನು ಪಕ್ಕದಲ್ಲೇ ನಿಂತೆ. ಅವನು ಅಡ್ಡಪಟ್ಟಿಯನ್ನು ಬದಲಾಯಿಸಿ, ಲಾರಿಯ ಹಳೆಯ ಶೇಕಲ್ ಒಂದನ್ನು ಕತ್ತರಿಸಿ, ಅದರ ತೂತಿಗೆ ಹೊಸ ರಬ್ಬರ್ ಬುಶ್ ಹಾಕಿ ತೂಗಿಸಿದ. "ಇಷ್ಟ್ ಸಡ್ಲ ಬಿಟ್ರೆ ಉಳೀತ್ತಾ ಮಾಷ್ಟ್ರೆ?" ಎಂದು ಕೊನೆಯವರೆಗೂ ಗೊಣಗಿದ. ಸಡಿಲಕ್ಕೂ ತೂಗುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವ ಶ್ರಮ ನನಗೆ ಬೇಕಿರಲಿಲ್ಲ.

ಭಾನುವಾರ ಹೆಂಡತಿ ಎಂದಿಗಿಂತ ಹೆಚ್ಚು ಚೀಲ ಹೇರಿದಳು. ಏರಿನ ನಡುವೆ, ಕ್ರಾಸ್ ಮುರಿದಿದ್ದ ಜಾಗದಲ್ಲೇ ಬೇಕೆಂದೇ ನಿಲ್ಲಿಸಿ, ಮೊದಲನೆಯ ಗೇರಿನಲ್ಲಿ ಹೊರಟಳು. ನಾನು ಬದಿಯಲ್ಲಿ ಕುಳಿತು ಹೌಸಿಂಗನ್ನೇ ನೋಡುತ್ತಿದ್ದೆ. ಕೊಂಡಿ ಮೆಲ್ಲನೆ ಮುಂದಕ್ಕೆ ತೂಗಿ ಹಿಂದಕ್ಕೆ ಬಂತು. ಚಕ್ರ ಕಲ್ಲು ಹತ್ತಿ ಇಳಿಯಿತು. ಹೌಸಿಂಗ್ ತಿರುಚಿಕೊಳ್ಳಲಿಲ್ಲ, ಚಕ್ರ ಕುಪ್ಪಳಿಸಲಿಲ್ಲ. ನನ್ನನ್ನು ಹತ್ತಿಸಿಕೊಳ್ಳಲೂ ನಿಲ್ಲದೆ ಅವಳು ಮೇಲಕ್ಕೆ ಹೋದಳು.

ನಾನು ನಡೆದು ಮನೆ ಸೇರುವಾಗ ಅವಳು ಫೋನಿನಲ್ಲಿ ಹೇಳುತ್ತಿದ್ದಳು: "ನೀವ್ ಬಪ್ದ್ ಬ್ಯಾಡ. ಜೀಪ್ ಕೊಡುದಿಲ್ಲ."

ಅಂದು ೨೦೨೩ನೆಯ ಇಸವಿ, ಜನವರಿ ಇಪ್ಪತ್ತೆರಡನೆಯ ತಾರೀಕು.